ಶಾಲು ಯಾರ ಹೆಗಲಿಗೆ?

ಪ್ರಶ್ನೆ: ನಾನು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಕ್ಕಳ ಪುಸ್ತಕಕ್ಕೆ ಪ್ರಶಸ್ತಿ ಬಂದ ಸುದ್ದಿಯನ್ನು ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇನೆ. ಹಕ್ಕಿ, ಪ್ರಾಣಿ, ಗಿಡಮರಗಳ ಚಿತ್ರಪುಸ್ತಕವೊಂದಕ್ಕೆ ಪ್ರಶಸ್ತಿ ಬಂದರೆ ಅದು ಸಲ್ಲುವುದು ಬರೆದವರಿಗೋ, ಚಿತ್ರ ಬಿಡಿಸಿದವರಿಗೋ? ಅಂಥ ಪುಸ್ತಕಗಳಲ್ಲಿ ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಯಾಕೆ ಕಾಣಿಸುವುದಿಲ್ಲ? ಒಂದು ಒಳ್ಳೆಯ ಪುಸ್ತಕಕ್ಕೆ ಮನ್ನಣೆ ಸಿಕ್ಕಿದ್ದನ್ನು ಹಳ್ಳಿ ಶಾಲೆಯಲ್ಲಿ ಸಂಭ್ರಮಿಸಬೇಕೆಂದರೆ ಏನು ಮಾಡಬೇಕು? ನಮ್ಮ ಮಕ್ಕಳಲ್ಲಿ ಬಹಳ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಅದನ್ನೂ ನೆನಪಿನಲ್ಲಿಟ್ಟು ಉತ್ತರಿಸಿ.

ಉತ್ತರ: ಮೇಷ್ಟ್ರೇ, ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ನಮ್ಮಲ್ಲಿ ಸಾಮಾನ್ಯವಾಗಿ ಪ್ರಶಸ್ತಿ ಬರೆದವರಿಗೇ ಹೋಗುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಾ ಬಂದಿದೆ. 24 ಭಾಷೆಗಳಿಗೆ ಒಂದೊಂದು. 50 ಸಾವಿರ ರೂಪಾಯಿ, ಜೊತೆಗೊಂದು ತಾಮ್ರದ ಫಲಕ. ಕನ್ನಡದ ಪಾಲಿಗೆ ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ ಬಂತು. ಈಚಿನ ವರ್ಷಗಳಲ್ಲಿ ಕಾಡು, ಹಕ್ಕಿ ಸುಳಿದಾಡುವ ಪುಸ್ತಕಗಳಿಗೂ ಬಂದಿದೆ. 2022ರಲ್ಲಿ ಉತ್ತರ ಕನ್ನಡದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ಮರುವರ್ಷ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಹೆಸರಿನಲ್ಲೇ ಒಂದಕ್ಕೆ ಬಾವಲಿ, ಇನ್ನೊಂದಕ್ಕೆ ಹಕ್ಕಿ. 2025ರಲ್ಲಿ ಅದು ನಿಮ್ಮ ಪಕ್ಕದ ಬಳ್ಳಾರಿಗೇ ಬಂತು, ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಕಥೆಗಳಿಗೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಈ ಪುಸ್ತಕಗಳು ಇಲ್ಲದಿದ್ದರೆ ಉಳಿದ ಮಾತಿಗೆ ಮುಂಚೆ ಇವನ್ನು ತರಿಸಿ.

ಇವೆಲ್ಲ ಓದುವ ಪುಸ್ತಕಗಳು. ಚಿತ್ರ ಇದ್ದರೂ ನಡುನಡುವೆ ಬಂದು ಹೋಗುತ್ತದೆ, ಚಿತ್ರ ತೆಗೆದರೂ ಕತೆ ನಿಲ್ಲುತ್ತದೆ. ಹಾಗಾಗಿ ಲೇಖಕರೊಬ್ಬರನ್ನೇ ವೇದಿಕೆಗೆ ಕರೆಯುವುದರಲ್ಲಿ ಅನ್ಯಾಯವೇನಿಲ್ಲ. ನೀವು ಕೇಳಿದ ಚಿತ್ರಪುಸ್ತಕ ಬೇರೆಯೇ ಜಾತಿ. ಅಲ್ಲಿ ಕತೆಯ ಅರ್ಧವನ್ನು, ಎಷ್ಟೋ ಸಲ ಮುಕ್ಕಾಲನ್ನು, ಚಿತ್ರವೇ ಹೇಳುತ್ತದೆ.

ನಿಮ್ಮ ಊರಿನ ಬಯಲಿನದೇ ಒಂದು ಉದಾಹರಣೆ ಕೊಡುತ್ತೇನೆ. ಹಳದಿ ಟಿಟ್ಟಿಭ ಗೊತ್ತಲ್ಲ, ಕಣ್ಣಿನ ಮುಂದೆ ಹಳದಿ ಚರ್ಮ ಜೋತುಬಿದ್ದಿರುವ, ಉದ್ದ ಕಾಲಿನ ಹಕ್ಕಿ. ಕೆಂಪು ಟಿಟ್ಟಿಭ ಕೆರೆ ಕಟ್ಟೆಯ ಆಸುಪಾಸು ಬಿಟ್ಟು ದೂರ ಹೋಗುವುದು ಕಡಿಮೆ. ಹಳದಿಯದಕ್ಕೆ ಒಣ ನೆಲವೇ ಇಷ್ಟ. ಅದು ಗೂಡು ಅಂತ ಕಟ್ಟುವುದಿಲ್ಲ. ಬರಿ ನೆಲದಲ್ಲಿ ಒಂಚೂರು ಕುಳಿ, ಸುತ್ತ ನಾಲ್ಕು ಕಲ್ಲುಚೂರು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊಟ್ಟೆಯ ಬಣ್ಣ ಸುತ್ತಲಿನ ಮಣ್ಣಿನದೇ, ಮೇಲೆ ಕಪ್ಪು ಕಂದು ಚುಕ್ಕೆ. ಹತ್ತಿರ ಯಾರಾದರೂ ಬಂದರೆ ಹಕ್ಕಿ ಮೊಟ್ಟೆಯಿಂದ ಸದ್ದಿಲ್ಲದೆ ಎದ್ದು ದೂರ ನಡೆದುಹೋಗಿ, ಅಲ್ಲಿಂದ ಕೂಗಲು ಶುರು ಮಾಡುತ್ತದೆ. ಬಂದವರು ಕೂಗಿದ ಕಡೆ ನೋಡುತ್ತಾರೆ, ಮೊಟ್ಟೆ ಇಲ್ಲಿ ಉಳಿಯುತ್ತದೆ.

ಇದನ್ನು ಗದ್ಯದಲ್ಲಿ ಬರೆದರೆ ಮೇಲೆ ನಾನು ಬರೆದ ಹಾಗೆ ಹತ್ತು ಸಾಲು ಬೇಕು, ಓದಿದ ಮಗುವಿಗೆ ವಿಷಯ ಗೊತ್ತಾಗುತ್ತದೆ, ಅಷ್ಟೆ. ಚಿತ್ರಪುಸ್ತಕದಲ್ಲಿ ಎದುರುಬದುರಿನ ಎರಡು ಪುಟಗಳ ತುಂಬ ಬರೀ ಕಲ್ಲು. ಕೆಂಪು ಕಲ್ಲು, ಬೂದು ಕಲ್ಲು, ಆಡಿನ ಹಿಕ್ಕೆ, ಒಣಗಿದ ಜಾಲಿಕಾಯಿ. ಕೆಳಗೆ ‘ಮೊಟ್ಟೆ ಎಲ್ಲಿವೆ?’ ಅಂತ ಎರಡೇ ಪದ. ಮಗು ಹುಡುಕುತ್ತದೆ, ಬೆರಳಿಟ್ಟು ಎಣಿಸುತ್ತದೆ, ಮೂರು ಸಿಕ್ಕು ನಾಲ್ಕನೆಯದು ಸಿಗದೆ ಪಕ್ಕದವನನ್ನು ಕರೆಯುತ್ತದೆ. ಪುಟದ ಮೂಲೆಯಲ್ಲಿ ಅರ್ಧ ಕಾಣುವ ಹಕ್ಕಿ ಬೇರೆ ಕಡೆ ಮುಖ ಮಾಡಿ ಕೂಗುತ್ತಿದೆ. ಈ ಪುಟವನ್ನು ‘ಬರೆದವರು’ ಯಾರು? ಎರಡು ಪದ ಬರೆದವರಿಗೆ ಶಾಲು ಹೊದೆಸಿ, ಬಿಸಿಲಲ್ಲಿ ಕೂತು ಆ ನೆಲದ ಒಂದೊಂದು ಕಲ್ಲಿನ ಬಣ್ಣ ನೋಡಿದವರನ್ನು ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದರೆ ಅದು ನ್ಯಾಯ ಅನ್ನಿಸುತ್ತದೆಯೇ?

ಬೇರೆ ದೇಶಗಳಲ್ಲಿ ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದಾರೆ. ಅಮೆರಿಕದ ಗ್ರಂಥಪಾಲಕರ ಸಂಘ ಮಕ್ಕಳ ಪುಸ್ತಕಕ್ಕೆ ಎರಡು ಪದಕ ಕೊಡುತ್ತದೆ. 1922ರಿಂದ ನ್ಯೂಬೆರಿ, ಅದು ಬರಹಕ್ಕೆ. 1938ರಿಂದ ಕಾಲ್ಡಿಕಾಟ್, ಅದು ಚಿತ್ರಕ್ಕೆ. 1988ರ ಕಾಲ್ಡಿಕಾಟ್ ಸಿಕ್ಕಿದ್ದು ‘ಔಲ್ ಮೂನ್’ ಎಂಬ ಪುಸ್ತಕಕ್ಕೆ. ಚಳಿಗಾಲದ ರಾತ್ರಿ ಅಪ್ಪನೂ ಮಗುವೂ ಹಿಮದಲ್ಲಿ ಗೂಬೆ ನೋಡಲು ಹೋಗುವ ಕತೆ ಅದು. ಬರೆದವರು ಜೇನ್ ಯೋಲೆನ್, ಹೆಸರಾಂತ ಲೇಖಕಿ. ಪದಕ ಮಾತ್ರ ಚಿತ್ರ ಬಿಡಿಸಿದ ಜಾನ್ ಶೋನ್‌ಹರ್ ಅವರ ಕೊರಳಿಗೆ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 1956ರಲ್ಲಿ ಲೇಖಕರಿಗೆಂದು ಶುರುವಾಯಿತು, ಹತ್ತು ವರ್ಷದ ಮೇಲೆ ಚಿತ್ರಕಾರರಿಗೂ ಬೇರೆಯಾಗಿ ಕೊಡತೊಡಗಿದರು. ನಮ್ಮ ದೇಶದಲ್ಲೂ ಟಾಟಾ ಟ್ರಸ್ಟ್ಸ್‌ನವರ ‘ಬಿಗ್ ಲಿಟಲ್ ಬುಕ್ ಅವಾರ್ಡ್’ ಲೇಖಕರಿಗೊಂದು, ಚಿತ್ರಕಾರರಿಗೊಂದು ಎಂದು ಎರಡು ಭಾಗವಾಗಿಯೇ ಇದೆ. ಅಂದರೆ ದಾರಿ ಗೊತ್ತಿಲ್ಲದ ವಿಷಯವೇನೂ ಇದಲ್ಲ.

ನಮ್ಮ ಕಡೆಯ ರೂಢಿ ಹೇಗಿದೆ ಅನ್ನುವುದಕ್ಕೆ ‘ಚಂದಮಾಮ’ದ ಮಾತು ಸಾಕು. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮ ನಮ್ಮ ಪ್ರಾಯದವರಿಗೆಲ್ಲ ಕಣ್ಣು ಮುಚ್ಚಿದರೂ ಕಾಣುತ್ತಾನೆ. ಅದನ್ನು ಬಿಡಿಸಿದವರು ಕೆ.ಸಿ. ಶಿವಶಂಕರನ್, ‘ಶಂಕರ್’ ಎಂದು ಸಹಿ ಹಾಕುತ್ತಿದ್ದವರು. ದಶಕಗಟ್ಟಲೆ ತಿಂಗಳು ತಪ್ಪದೆ ಚಿತ್ರ ಬಿಡಿಸಿ, 2020ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ, ಮರಣೋತ್ತರವಾಗಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ ಈ ಪ್ರಶ್ನೆಯೇ ಏಳಲಿಲ್ಲ, ಯಾಕೆಂದರೆ ಗಿಡಬಳ್ಳಿಗಳ ಬಗ್ಗೆ ಬರೆದವರೂ ಅವರೇ, ಅದರಲ್ಲಿನ ರೇಖಾಚಿತ್ರ ಬಿಡಿಸಿದವರೂ ಅವರೇ. ಎಲ್ಲರೂ ಸ್ವಾಮಿಗಳಲ್ಲವಲ್ಲ.

ಮಜಾ ಎಂದರೆ, ಕೈಕೆಲಸ ಮಾಡಿದವನ ಹೆಸರು ದಾಖಲಾಗಬೇಕು ಅನ್ನುವುದಕ್ಕೆ ಈ ದೇಶದ ಅತಿ ಹಳೆಯ ಸಾಕ್ಷಿಗಳಲ್ಲೊಂದು ನಿಮ್ಮ ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಮೂರು ಕಡೆಯೂ ಅಶೋಕನ ಬಂಡೆಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಲೋಕದ ಕಣ್ಣಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು ಎಂಬ ಅರ್ಥದ ಮಾತು ಅಲ್ಲಿದೆ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ, ಇದನ್ನು ಬರೆದವನು ಚಪಡ ಎಂದು ಒಬ್ಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮಾತು ಚಕ್ರವರ್ತಿಯದು, ಅಕ್ಷರ ನನ್ನದು ಅನ್ನುವ ಗತ್ತು. ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುವಾಗ ಅಶೋಕನ ಜೊತೆ ಈ ಚಪಡನ ಹೆಸರನ್ನೂ ಹೇಳಿ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಂಥ ಚಕ್ರವರ್ತಿಯ ಅಪ್ಪಣೆಯ ಕೆಳಗೆ ಲಿಪಿಕಾರನ ಹೆಸರಿಗೆ ಜಾಗ ಸಿಕ್ಕಿತ್ತು ಎಂದಮೇಲೆ, ಈಗ ಪುಸ್ತಕದ ಮುಖಪುಟದಲ್ಲಿ ಚಿತ್ರಕಾರರ ಹೆಸರಿಗೆ ಜಾಗವಿಲ್ಲ ಎಂದು ಯಾವ ಪ್ರಕಾಶಕರೂ ಹೇಳುವಂತಿಲ್ಲ.

ಇನ್ನು ನಿಮ್ಮ ಸೀಮೆ ಯಾಕೆ ಕಾಣುವುದಿಲ್ಲ ಅನ್ನುವ ಪ್ರಶ್ನೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಕಾಡುವುದು ಇದೇ. ಕನ್ನಡದಲ್ಲಿ ಮಕ್ಕಳಿಗೆ ಪ್ರಕೃತಿಯನ್ನು ತೋರಿಸಿದವರ ಸಾಲು ನೋಡಿ. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಆಗ ಬೇರೆ ಭಾರತೀಯ ಭಾಷೆಗಳಲ್ಲಿ ಅಂಥದ್ದಕ್ಕೆ ಕೈ ಹಾಕಿದವರು ವಿರಳ. ಕಾರಂತರು ಕಡಲ ಕರೆಯವರು. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಪಶ್ಚಿಮಘಟ್ಟ ಅಲೆದ ಕತೆ. ಹಕ್ಕಿಗಳ ಹುಚ್ಚನ್ನು ಒಂದು ತಲೆಮಾರಿಗೇ ಹತ್ತಿಸಿದ ತೇಜಸ್ವಿಯವರದು ಮೂಡಿಗೆರೆ. ಬೀಗಾರರು ಸಿದ್ದಾಪುರದ ಕಡೆಯವರು (ಅದು ಉತ್ತರ ಕನ್ನಡದ ಸಿದ್ದಾಪುರ, ನಿಮ್ಮ ಶಾಸನದ ಸಿದ್ದಾಪುರವಲ್ಲ). ಹಾಲಾಡಿ ಇರುವುದು ಕುಂದಾಪುರ ಸೀಮೆಯಲ್ಲಿ. ಎಲ್ಲವೂ ಮಳೆ ಹೊಯ್ಯುವ ಕಡೆ. ಅವರವರ ಮನೆ ಹಿತ್ತಿಲನ್ನು ಅವರವರು ಬರೆದರು, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ಫಲ ಏನಾಯಿತೆಂದರೆ ಕನ್ನಡದ ಮಗುವಿನ ತಲೆಯಲ್ಲಿ ಪ್ರಕೃತಿ ಅಂದರೆ ಹಸಿರು, ಜಲಪಾತ, ಆನೆ, ಮಂಗಟ್ಟೆ. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಕಂಡರೆ ಪುಣ್ಯ ಅನ್ನುವ ಚಳ್ಳಕೆರೆಯ ಮಗು ಆ ಪುಟ ನೋಡಿ, ನಮ್ಮೂರಲ್ಲಿ ಪ್ರಕೃತಿ ಇಲ್ಲ ಎಂದು ತೀರ್ಮಾನಿಸುತ್ತದೆ.

ಹಾಗೆ ತೀರ್ಮಾನಿಸುವುದರಲ್ಲಿ ಮಗು ಒಂಟಿಯಲ್ಲ. ದೇಶದ ಬಂಜರುಭೂಮಿ ನಕಾಶೆಗಳಲ್ಲಿ ಕುರುಚಲು, ಹುಲ್ಲಿನ ಬಯಲುಗಳು ಬಂಜರಿನ ಪಟ್ಟಿಯಲ್ಲೇ ಸೇರಿಕೊಂಡಿವೆ. ಬಂಜರು ಎಂದ ಮೇಲೆ ಅದಕ್ಕೆ ಏನಾದರೂ ‘ಉಪಯೋಗ’ ಹುಡುಕಬೇಕಲ್ಲ. ಚಳ್ಳಕೆರೆ ತಾಲ್ಲೂಕಿನ ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ಈಗ ವಿಜ್ಞಾನ ಸಂಸ್ಥೆಗಳ ಕೈಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಅಲ್ಲೊಂದು ಕ್ಯಾಂಪಸ್, ಡಿಆರ್‌ಡಿಒಗೆ 2017ರಲ್ಲಿ ಉದ್ಘಾಟನೆಯಾದ ವಿಮಾನ ಪರೀಕ್ಷಾ ನೆಲೆ. ಕುರಿ ದನ ಮೇಯಿಸುತ್ತಿದ್ದ ಹಳ್ಳಿಯವರ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಆ ವ್ಯಾಜ್ಯದ ಸರಿತಪ್ಪು ಇಲ್ಲಿಗೆ ಬೇಡ. ನನಗೆ ಅನ್ನಿಸುವುದು ಇಷ್ಟು: ಒಂದು ಸಂಜೆ ಮಕ್ಕಳಿಗೆ ಕಾವಲಿನ ಚಿತ್ರಪುಸ್ತಕ ಓದಿ ಹೇಳಿದ್ದ ಸಮಾಜ ಅದನ್ನು ಖಾಲಿ ಜಾಗ ಎಂದು ಕರೆಯುವ ಮುಂಚೆ ಎರಡು ಸಲ ಯೋಚಿಸುತ್ತಿತ್ತು.

ದುಡ್ಡಿನ ಕಾರಣವೂ ಇದೆ, ಅದನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ. ಅಚ್ಚಿನ ಮನೆಯಲ್ಲಿ ಒಂದು ದೊಡ್ಡ ಹಾಳೆ ಮಡಚಿದರೆ 16 ಪುಟ, ಅದಕ್ಕೆ ಒಂದು ಫಾರಂ ಅನ್ನುತ್ತಾರೆ. ಚಿತ್ರಪುಸ್ತಕ ಒಂದು ಫಾರಂ, ಹೆಚ್ಚೆಂದರೆ ಎರಡು. ಕಾದಂಬರಿಯಾದರೆ ಕಪ್ಪು ಮಸಿ ಒಂದೇ ಸಾಕು. ಇಲ್ಲಿ ಪ್ರತಿ ಪುಟಕ್ಕೂ ನಾಲ್ಕು ಬಣ್ಣ, ದಪ್ಪ ಕಾಗದ, ಚಿತ್ರಕಾರರ ತಿಂಗಳುಗಟ್ಟಲೆಯ ಕೆಲಸಕ್ಕೆ ಸಂಭಾವನೆ. ನಮ್ಮ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ರೂಢಿ ಇರುವುದರಿಂದ, ಇನ್ನೂರು ಪುಟದ ಕಥಾಸಂಕಲನದ ಮುಂದೆ 24 ಪುಟದ ಬಣ್ಣದ ಪುಸ್ತಕ ಯಾವಾಗಲೂ ಸೋಲುತ್ತದೆ. ಕನ್ನಡದ ಸಣ್ಣ ಪ್ರಕಾಶಕರು ಯಾಕೆ ಹಿಂದೇಟು ಹಾಕುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಿದ್ದು ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಆಮೇಲೆ 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್. ಪ್ರಥಮ್‌ನ ತೆಳ್ಳನೆಯ ಪುಸ್ತಕಗಳನ್ನು ಬಿಡಿಸಿ ನೋಡಿ, ಬರೆದವರ ಹೆಸರಿನ ಪಕ್ಕದಲ್ಲೇ ಚಿತ್ರ ಬಿಡಿಸಿದವರ ಹೆಸರೂ ಇರುತ್ತದೆ.

ಹಾಗಾದರೆ ನಿಮ್ಮ ಸೀಮೆಯ ಪುಸ್ತಕದಲ್ಲಿ ಏನಿರಬೇಕು? ಬೆಂಗಳೂರಿನಲ್ಲಿ ಕೂತ ಚಿತ್ರಕಾರರಿಗೆ ‘ಹಳ್ಳಿ’ ಬಿಡಿಸಿ ಅಂದರೆ ಹೆಂಚಿನ ಮನೆ, ತೆಂಗಿನ ಮರ, ಅಂಗಳದಲ್ಲಿ ಕೋಳಿ ಮರಿಗಳು ಖಂಡಿತ ಬರುತ್ತವೆ. ಮ್ಯಾಸಬೇಡರ ಹಟ್ಟಿಗೆ ಆ ಚಿತ್ರ ಒಯ್ದು ತೋರಿಸಿ, ಮಕ್ಕಳು ನಗುತ್ತಾರೆ. ಸಂಪ್ರದಾಯ ಬಿಡದ ಹಟ್ಟಿಗಳಲ್ಲಿ ಕೋಳಿ ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. ಅಲ್ಲಿ ಇರುವುದು ದೇವರ ಎತ್ತುಗಳು. ಹೂಡುವುದಕ್ಕಲ್ಲ, ಮಾರುವುದಕ್ಕಲ್ಲ, ದೇವರಿಗೆಂದೇ ಬಿಟ್ಟ ದನದ ಹಿಂಡು, ಅದನ್ನು ಕಾಯಲು ಕಿಲಾರಿ. ಮಳೆ ಕೈಕೊಟ್ಟ ವರ್ಷ ಆ ಹಿಂಡಿಗೆ ಮೇವು ಹೊಂದಿಸುವುದೇ ಒಂದು ದೊಡ್ಡ ಕತೆ. ಕಾಡುಗೊಲ್ಲರ ಜುಂಜಪ್ಪನ ಕತೆಯಲ್ಲೂ ದನಗಳದೇ ರಾಜ್ಯ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದ ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಅವರಿಂದ ಕೇಳಿ ಬರೆದುಕೊಂಡಿದ್ದರಿಂದ ಅವು ನಮಗೆ ದಕ್ಕಿದವು. ಆ ಹಾಡುಗಳಲ್ಲಿ ಬರುವ ಗಿಡ, ದನ, ಹಳ್ಳ, ಬೆಟ್ಟವನ್ನು ಪಟ್ಟಿ ಮಾಡಿದರೇ ನಾಲ್ಕು ಚಿತ್ರಪುಸ್ತಕಕ್ಕೆ ಸಾಕು.

ಜಟಿಂಗರಾಮೇಶ್ವರದ ಬೆಟ್ಟ ಇದೆಯಲ್ಲ, ಜಟಾಯು ರಾವಣನ ಜೊತೆ ಕಾದಾಡಿ ಬಿದ್ದ ಜಾಗ ಅದೇ ಎಂದು ನಿಮ್ಮ ಕಡೆಯವರು ಹೇಳುತ್ತಾರೆ. ಒಂದು ಹಕ್ಕಿಯ ನೆನಪಿಗೆ ಬೆಟ್ಟವನ್ನೇ ಬಿಟ್ಟುಕೊಟ್ಟ ಊರಿನಲ್ಲಿ ಹಕ್ಕಿಯ ಪುಸ್ತಕ ಇಲ್ಲ ಅನ್ನುವುದು ತಮಾಷೆಯೇ. ಎರ್ಲಡ್ಡು ಹಕ್ಕಿಯನ್ನೇ ತೆಗೆದುಕೊಳ್ಳಿ. ಗಂಡು ನಿಂತರೆ ಒಂದು ಮೀಟರ್ ಎತ್ತರ, ಹತ್ತು ಹದಿನೈದು ಕಿಲೋ ತೂಕ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಪೈಕಿ. ಒಂದು ಕಾಲಕ್ಕೆ ದಖ್ಖನ್ನಿನ ಬಯಲುಗಳಲ್ಲೆಲ್ಲ ಇದ್ದದ್ದು ಈಗ ಇಡೀ ದೇಶದಲ್ಲಿ ನೂರೈವತ್ತರ ಒಳಗೆ ಇಳಿದಿದೆ. ಕರ್ನಾಟಕದಲ್ಲಿ ಉಳಿದ ಬೆರಳೆಣಿಕೆಯವು ನಿಮ್ಮಿಂದ ಬಹಳ ದೂರವಿಲ್ಲದ ಸಿರುಗುಪ್ಪದ ಕಡೆಯ ಬಯಲಿನಲ್ಲಿವೆ. ಹೆಣ್ಣು ನೆಲದ ಮೇಲೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ನೇರ ಮುಂದಿನದು ಚೆನ್ನಾಗಿ ಕಾಣದ ಕಣ್ಣು, ಬೇಗ ತಿರುಗಲಾಗದ ಭಾರದ ಮೈ, ಹೀಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಗಾಳಿಗಿರಣಿಗಳ ಸಾಲು ನೋಡುತ್ತ ಬೆಳೆಯುವ ಚಿತ್ರದುರ್ಗದ ಮಕ್ಕಳಿಗೆ ತಂತಿ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಹಕ್ಕಿಯೇ ಬೇಕೆಂದೂ ಇಲ್ಲ. ಎಣ್ಣೆ ಗಿರಣಿಗಳಿಂದ ಹೆಸರು ಮಾಡಿದ ಚಳ್ಳಕೆರೆಯಲ್ಲಿ ಶೇಂಗಾ ಎಲ್ಲರಿಗೂ ಗೊತ್ತು, ಗಿಡದ ವಿಚಿತ್ರ ಮಾತ್ರ ಪುಸ್ತಕದಲ್ಲಿ ಬಂದಿಲ್ಲ. ಹೂ ಬಿಡುವುದು ಮೇಲೆ, ಬೆಳಕಿನಲ್ಲಿ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯ ಹಾಗೆ ಒಂದು ಎಳೆ ಹೊರಟು ಕೆಳಕ್ಕೆ ಬಾಗಿ, ಮಣ್ಣು ಹೊಕ್ಕು, ಕತ್ತಲಲ್ಲಿ ಕಾಯಾಗುತ್ತದೆ. ಪುಟದ ನಡುವೆ ನೆಲದ ಗೆರೆ ಎಳೆದು ಮೇಲರ್ಧ ಆಕಾಶ, ಕೆಳಗರ್ಧ ಮಣ್ಣು ಎಂದು ಭಾಗ ಮಾಡಿದರೆ ಪುಸ್ತಕದ ಅರ್ಧ ಕೆಲಸ ಮುಗಿಯಿತು. ಮೇಲಿನ ಗೆದ್ದಲು ಹುತ್ತ, ಕೆಳಗಿನ ಹೆಗ್ಗಣದ ಬಿಲ ಎಲ್ಲವೂ ತಾವೇ ಬಂದು ಕೂರುತ್ತವೆ.

ಇಂಥದ್ದನ್ನು ಬಿಡಿಸುವವರು ಎಲ್ಲಿದ್ದಾರೆ ಎಂದು ಕೇಳಬಹುದು. ಚೆನ್ನೈನ ತಾರಾ ಬುಕ್ಸ್ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಎಂಬ ಪುಸ್ತಕ ಮಾಡಿತು, ಕಪ್ಪು ಕಾಗದದ ಮೇಲೆ ಕೈಯಿಂದಲೇ ಅಚ್ಚು ಹಾಕಿದ್ದು. ಚಿತ್ರಗಳು ಮಧ್ಯಪ್ರದೇಶದ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅವರವು. ತಮ್ಮ ಮನೆಗೋಡೆಯ ಮೇಲಿದ್ದ ಮರಗಳನ್ನೇ ಅವರು ಪುಸ್ತಕಕ್ಕೆ ತಂದರು. 2008ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಅದಕ್ಕೆ ಸಿಕ್ಕಿತು, ಮೂವರ ಹೆಸರೂ ಮುಖಪುಟದಲ್ಲಿತ್ತು. ನಿಮ್ಮ ಮೊಳಕಾಲ್ಮುರಿನ ರೇಷ್ಮೆ ಸೀರೆಯ ಅಂಚು ಸೆರಗಿನಲ್ಲಿ ಹೂ, ಹಣ್ಣು, ಹಕ್ಕಿ ತರುವ ನೇಕಾರರಿದ್ದಾರೆ. ಆ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಚಳ್ಳಕೆರೆ ಕಡೆ ಕಂಬಳಿ ನೇಯುವ ಕುರುಬರಿದ್ದಾರೆ. ಸೀರೆಯ ಸೆರಗಿನಲ್ಲಿ ಹಕ್ಕಿ ಮೂಡಿಸುವ ಕೈ, ಪುಟದಲ್ಲಿ ಮೂಡಿಸಲಾರದೇ? ಕಂಬಳಿಯ ಕಪ್ಪು, ಕಂದು, ಬಿಳಿ ಅಷ್ಟನ್ನೇ ಇಟ್ಟುಕೊಂಡು ಬೇಸಿಗೆಯ ಕಾವಲನ್ನು ಬಿಡಿಸಿದರೆ ಅದಕ್ಕಿಂತ ಚೆಂದದ ಪುಸ್ತಕ ಬೇರೆ ಬೇಕೇ? ಇದು ನನ್ನ ಆಸೆ, ಯಾರಾದರೂ ಕೈಗೆತ್ತಿಕೊಂಡರೆ ಸಂತೋಷ.

ಸಂಭ್ರಮದ ವಿಷಯಕ್ಕೆ ಬರೋಣ. ನಮ್ಮಲ್ಲಿ ಪುಸ್ತಕಕ್ಕೆ ಪ್ರಶಸ್ತಿ ಬಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗಾಜಿನ ಫಲಕ, ಐದು ಜನರ ಭಾಷಣ. ಬಿಸಿಲಲ್ಲಿ ಸಾಲಾಗಿ ಕೂರಿಸಿದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪುಸ್ತಕ ಮಾತ್ರ ಅವರ ಕೈಗೆ ಬರುವುದಿಲ್ಲ, ಅತಿಥಿಗಳ ಕೈಯಲ್ಲಿ ಫೋಟೋಕ್ಕೆ ನಿಂತು ವಾಪಸು ಹೋಗುತ್ತದೆ. ಇದಕ್ಕೆ ಬದಲು ಬಾಸ್ಟನ್ ಊರಿನವರು ಏನು ಮಾಡಿದರು ಕೇಳಿ. ರಾಬರ್ಟ್ ಮೆಕ್‌ಕ್ಲಾಸ್ಕಿ ಎಂಬವರು ಬಾತುಕೋಳಿ ಸಂಸಾರವೊಂದು ಆ ಊರಿನ ರಸ್ತೆ ದಾಟಿ ಉದ್ಯಾನದ ಕೊಳ ಸೇರುವ ಚಿತ್ರಪುಸ್ತಕ ಮಾಡಿದರು. ಸರಿಯಾಗಿ ಬಿಡಿಸಬೇಕೆಂದು ಬಾತುಕೋಳಿಗಳನ್ನು ಕೊಂಡುತಂದು ತಮ್ಮ ಬಾಡಿಗೆ ಮನೆಯಲ್ಲೇ ಸಾಕಿ, ಅವುಗಳ ಹಿಂದೆ ಮುಂದೆ ಸುತ್ತಿ ಚಿತ್ರ ಬರೆದರಂತೆ. 1942ರಲ್ಲಿ ಅದಕ್ಕೆ ಕಾಲ್ಡಿಕಾಟ್ ಪದಕ ಬಂತು. ಊರವರು 1987ರಲ್ಲಿ ಅದೇ ಉದ್ಯಾನದಲ್ಲಿ ತಾಯಿ ಬಾತು ಮತ್ತು ಎಂಟು ಮರಿಗಳ ಕಂಚಿನ ಗೊಂಬೆ ನಿಲ್ಲಿಸಿದರು, ಪುಟಾಣಿಗಳು ಹತ್ತಿ ಕೂರುವಷ್ಟು ಎತ್ತರಕ್ಕೆ. ವರ್ಷಕ್ಕೊಮ್ಮೆ, ಅಮ್ಮಂದಿರ ದಿನದಂದು, ಮಕ್ಕಳು ಬಾತುಮರಿಯ ವೇಷ ಹಾಕಿ ಅಲ್ಲಿ ಮೆರವಣಿಗೆ ಹೋಗುತ್ತಾರೆ. ಅಲ್ಲಿ ಭಾಷಣ ಯಾರು ಮಾಡಿದರೆಂದು ಯಾರಿಗೂ ನೆನಪಿರಲಾರದು.

ನಾಯಕನಹಟ್ಟಿ ತೇರು, ಗೌರಸಮುದ್ರದ ಮಾರಮ್ಮನ ಜಾತ್ರೆ ನೋಡಿ ಬೆಳೆದ ಮಕ್ಕಳಿಗೆ ಮೆರವಣಿಗೆ ಕಲಿಸಬೇಕೇ? ನವೆಂಬರ್ 14ರಂದು ಹೇಗೂ ವೇಷ ಹಾಕಿಸುತ್ತೀರಿ. ಈ ಸಲ ನೆಹರೂ, ಒನಕೆ ಓಬವ್ವನ ಜೊತೆ ಒಂದು ಟಿಟ್ಟಿಭ, ಒಂದು ತೋಳ, ಒಂದು ಎರ್ಲಡ್ಡು ಇರಲಿ. ಅದಕ್ಕೆ ಮುಂಚೆ ಪುಸ್ತಕ ಮಕ್ಕಳ ಕೈಯಲ್ಲಿ ಓಡಾಡಿರಲಿ. ಒಂದೇ ಪ್ರತಿ ಇದ್ದರೂ ಚಿಂತೆಯಿಲ್ಲ, ನೀವು ಕುರ್ಚಿಯ ಮೇಲೆ ಕೂತು ಪುಟವನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿದು ಓದಿ. ಮೇಷ್ಟ್ರುಗಳಲ್ಲಿ ಹೆಚ್ಚಿನವರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿ, ಆಮೇಲೆ ಅರ್ಧ ನಿಮಿಷ ಚಿತ್ರ ತೋರಿಸುತ್ತಾರೆ. ಚಿತ್ರಪುಸ್ತಕವನ್ನು ಹಾಗೆ ಓದಿದರೆ ಅದರ ಅರ್ಧವನ್ನು ನೀವೇ ನುಂಗಿದ ಹಾಗೆ. ಓದಲು ಶುರುಮಾಡುವಾಗ ಬರೆದವರ ಹೆಸರು, ಚಿತ್ರ ಬಿಡಿಸಿದವರ ಹೆಸರು ಎರಡನ್ನೂ ಗಟ್ಟಿಯಾಗಿ ಹೇಳಿ. ಎರಡನೇ ಪುಸ್ತಕದ ಹೊತ್ತಿಗೆ ಮಕ್ಕಳೇ ಕೇಳುತ್ತಾರೆ, ‘ಚಿತ್ರ ಯಾರ್ದು ಸಾ?’

ಪುಸ್ತಕ ಎಲ್ಲಿಂದ ತರುವುದು? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಯೋಜನೆ 2020ರ ಮಕ್ಕಳ ದಿನಾಚರಣೆಯಂದು ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ಎಲ್ಲ ಮಕ್ಕಳ ಹೆಸರು ಬರೆಸಿ, ಆಮೇಲೆ ಪಂಚಾಯಿತಿಗೆ ಹೋಗಿ ನಮಗೆ ಇಂತಿಂಥ ಚಿತ್ರಪುಸ್ತಕ ಬೇಕು ಎಂದು ಪಟ್ಟಿ ಕೊಡಿ. ಬಾಯಿಮಾತಿಗಿಂತ ಸದಸ್ಯರ ಸಂಖ್ಯೆ ಇದ್ದರೆ ಕೆಲಸ ಬೇಗ ಆಗುತ್ತದೆ. ಖುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಿಮ್ಮ ಹೈಸ್ಕೂಲಿನ ಗೆಳೆಯರು ಯಾರಾದರೂ ಅಲ್ಲಿಗೆ ಹೋದರೆ, ಕ್ಯಾಂಪಸ್ಸಿನ ಬಯಲಿನಲ್ಲಿ ಯಾವ ಹಕ್ಕಿ, ಯಾವ ಹುಲ್ಲು ಇದೆ ಎಂದು ಕೇಳಿಕೊಂಡು ಬರಲು ಹೇಳಿ. ಮಕ್ಕಳು ತಮ್ಮದೇ ಪುಸ್ತಕ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಹಾಗೆ ಮಾಡಿಸುವುದಾದರೆ ಒಂದು ಎಚ್ಚರ: ಟಿಟ್ಟಿಭ ಮೊಟ್ಟೆಯಿಡುವುದು ಹೆಚ್ಚಾಗಿ ಮಾರ್ಚ್‌ನಿಂದ ಮಳೆಗಾಲದ ಮೊದಲ ತಿಂಗಳವರೆಗೆ. ಮಕ್ಕಳನ್ನು ಗೂಡಿನ ಹತ್ತಿರ ಬಿಡಬೇಡಿ, ದೂರದಿಂದ ನೋಡಿ ಬಂದು ಬಿಡಿಸಲಿ. ತಾಯಿಹಕ್ಕಿ ಎದ್ದು ಹೋದರೆ ಬಿಸಿಲಿಗೆ ಮೊಟ್ಟೆ ಬೇಯುತ್ತವೆ.

ತೆಲುಗಿನ ಮಾತು ಕೊನೆಗಿಟ್ಟುಕೊಂಡೆ, ಅದು ಎಲ್ಲಕ್ಕಿಂತ ಸುಲಭ ಎಂದು. ಪ್ರಥಮ್ ಬುಕ್ಸ್ 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣ ತೆರೆಯಿತು. ಅದರಲ್ಲಿನ ಪುಸ್ತಕಗಳನ್ನು ಯಾರು ಬೇಕಾದರೂ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ಬೇರೆ ಭಾಷೆಗೆ ತರಬಹುದು. ಬರೆದವರ, ಬಿಡಿಸಿದವರ ಹೆಸರು ಉಳಿಸಬೇಕು, ಷರತ್ತು ಅಷ್ಟೇ. ಎಷ್ಟೋ ಪುಸ್ತಕಗಳು ಕನ್ನಡದಲ್ಲೂ ಇವೆ, ತೆಲುಗಿನಲ್ಲೂ ಇವೆ, ಚಿತ್ರ ಎರಡರಲ್ಲೂ ಒಂದೇ. ಒಂದೇ ಪುಸ್ತಕದ ಎರಡು ಪ್ರತಿ ಮುದ್ರಿಸಿ ಪಕ್ಕಪಕ್ಕ ಇಡಿ. ಮನೆಯಲ್ಲಿ ತೆಲುಗು ಆಡುವ ಮಗು ಚಿತ್ರ ನೋಡಿ ತನ್ನ ಮಾತಿನಲ್ಲಿ ಕತೆ ಹೇಳಲಿ, ಪಕ್ಕದ ಮಗು ಕನ್ನಡದ ಸಾಲು ಓದಲಿ. ಲಿಪಿ ತಿಳಿಯದ ಅಜ್ಜಿಗೂ ಆ ಪುಸ್ತಕವನ್ನು ಮನೆಗೆ ಕಳಿಸಿ. ಆ ಹಕ್ಕಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ, ಯಾವ ಹಳ್ಳದಲ್ಲಿ ಕಂಡದ್ದು ಎಂದು ಆಕೆ ಹೇಳಿದ್ದನ್ನು ಮರುದಿನ ಮಗು ಬಂದು ತರಗತಿಗೆ ಹೇಳಬೇಕು, ಮನೆಕೆಲಸ ಅಷ್ಟೇ.